ಡೇವಿಸ್ ಜಲಸಂಧಿ: ನೀರಿನ ಮೇಲೆ ನಿಂತ ಹೆಸರು

ಉಳಿಯಲಾರದ ವಸ್ತುವನ್ನು ಕುರಿತು 'ನೀರಿನ ಮೇಲಣ ಬರೆಹ'ವೆಂದು ಹೇಳುವ ರೂಢಿಯು ನಮ್ಮಲ್ಲಿದೆ. ಕಲ್ಲಿನಲ್ಲಿ ಕೊರೆದದ್ದು ನಿಲ್ಲುತ್ತದೆ, ನೀರಿನಲ್ಲಿ ಗೀಚಿದ್ದು ಆ ಕ್ಷಣವೇ ಅಳಿಯುತ್ತದೆಂಬುದು ಅದರ ತಾತ್ಪರ್ಯವು. ಈ ಮಾತಿನ ಮೊದಲನೆಯ ಭಾಗಕ್ಕೆ ರಾಯಚೂರು ಜಿಲ್ಲೆಯವರಾದ ನಾವು ಉದಾಹರಣೆಯನ್ನು ದೂರ ಹುಡುಕಬೇಕಾದುದಿಲ್ಲ. ೧೯೧೫ರಲ್ಲಿ ಮಸ್ಕಿಯ ಬಂಡೆಯ ಮೇಲೆ ದೊರೆತ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಕಂಡುಬಂದಿತು. 'ದೇವಾನಾಂಪ್ರಿಯ'ನೆಂಬ ಬಿರುದಿನಿಂದ ಮಾತ್ರ ಪ್ರಸಿದ್ಧನಾಗಿದ್ದ ಶಾಸನಕರ್ತನು ಅಶೋಕನೇ ಎಂಬ ವಿದ್ವಾಂಸರ ಊಹೆಯು ಅಂದಿಗೆ ಸಿದ್ಧಾಂತವಾಯಿತು. ಎರಡು ಸಾವಿರ ವರ್ಷಗಳಿಗೂ ಮೀರಿ ಕಲ್ಲು ಒಂದು ಹೆಸರನ್ನು ಕಾಪಾಡಿತು.

ಆದರೆ ಆ ಮಾತಿನ ಎರಡನೆಯ ಭಾಗವನ್ನು ಸುಳ್ಳಾಗಿಸುವ ಹೆಸರುಗಳೂ ಲೋಕದಲ್ಲಿ ಇಲ್ಲದಿಲ್ಲ. ಭೂಪಟದ ಉತ್ತರ ತುದಿಯನ್ನು ನೋಡಿದರೆ, ಹಿಮದಿಂದ ಮುಚ್ಚಿದ ಸಮುದ್ರಗಳ ಮೇಲೆ ಮನುಷ್ಯರ ಹೆಸರುಗಳು ಸಾಲುಸಾಲಾಗಿ ಬರೆದಿರುವುದು ಕಾಣುತ್ತದೆ. ಡೇವಿಸ್, ಹಡ್ಸನ್, ಬ್ಯಾಫಿನ್, ಬೇರಿಂಗ್, ಲ್ಯಾಂಕಾಸ್ಟರ್, ಸ್ಮಿತ್. ಇವುಗಳಲ್ಲಿ ಒಂದಾದ ಡೇವಿಸ್ ಜಲಸಂಧಿಯ ವೃತ್ತಾಂತವನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಇವೆರಡರ ನಡುವಣ ಮಟಮಾರಿಯಂತಹ ಊರಿನಲ್ಲಿ ಕುಳಿತು, ಹಿಮವೆಂದರೆ ಕಾವ್ಯದ ವರ್ಣನೆಯಲ್ಲಲ್ಲದೆ ಬೇರೆ ಕಡೆ ಕಾಣದ ನಾವು, ಧ್ರುವಪ್ರದೇಶದ ನೀರಿನ ಚರ್ಚೆಯನ್ನೇಕೆ ಮಾಡಬೇಕೆಂದು ಕೆಲವರಿಗೆ ತೋರಬಹುದು. ಆ ಜಲಸಂಧಿಯನ್ನು ಹುಡುಕಿಸಿದ್ದು ಹಿಂದೂದೇಶವನ್ನು ಸೇರಬೇಕೆಂಬ ಆಸೆ. ಆ ಆಸೆಯೇ ಹಲವು ತಿರುವುಗಳನ್ನು ದಾಟಿ ಕೊನೆಗೆ ನಮ್ಮ ದೋಆಬಿನ ಕಂದಾಯದ ಲೆಕ್ಕದವರೆಗೂ ಬಂದು ಮುಟ್ಟಿತು. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಸ್ಥಳವನ್ನು ತಿಳಿಯೋಣ. ನಮ್ಮ ಪ್ರಾಂತವನ್ನು ಪೂರ್ವಿಕರು 'ಎಡೆದೊರೆ'ಯೆಂದು ಕರೆದರು. ಎಡೆದೊರೆಯೆಂದರೆ ಎರಡು ನೀರುಗಳ ನಡುವಣ ನೆಲ. ಜಲಸಂಧಿಯೆಂಬುದು ಇದಕ್ಕೆ ತದ್ವಿರುದ್ಧವಾಗಿ ಎರಡು ನೆಲಗಳ ನಡುವಣ ನೀರು. ಪೂರ್ವಕ್ಕೆ ಗ್ರೀನ್‌ಲೆಂಡ್ ಎಂಬ ಮಹಾದ್ವೀಪ, ಪಶ್ಚಿಮಕ್ಕೆ ಕೆನಡಾ ದೇಶಕ್ಕೆ ಸೇರಿದ ಬ್ಯಾಫಿನ್ ದ್ವೀಪ, ಇವುಗಳ ನಡುವೆ ದಕ್ಷಿಣೋತ್ತರವಾಗಿ ಸುಮಾರು ೪೦೦ ಮೈಲಿ ಉದ್ದಕ್ಕೆ ಡೇವಿಸ್ ಜಲಸಂಧಿಯು ಹಬ್ಬಿಕೊಂಡಿದೆ. ಇದರ ಅಗಲವು ೨೦೦ ಮೈಲಿಯಿಂದ ೪೦೦ ಮೈಲಿಯವರೆಗೆ ಇರುವುದು. ದಕ್ಷಿಣದ ಲ್ಯಾಬ್ರಡಾರ್ ಸಮುದ್ರವನ್ನೂ ಉತ್ತರದ ಬ್ಯಾಫಿನ್ ಕೊಲ್ಲಿಯನ್ನೂ ಇದು ಕೂಡಿಸುತ್ತದೆ.

ಈ ನೀರಿನ ಸ್ವಭಾವವೂ ವಿಚಿತ್ರವಾದುದು. ಗ್ರೀನ್‌ಲೆಂಡಿನ ದಡವನ್ನು ಹಿಡಿದು ತಕ್ಕಮಟ್ಟಿಗೆ ಬೆಚ್ಚಗಿನ ಪ್ರವಾಹವೊಂದು ಉತ್ತರಾಭಿಮುಖವಾಗಿ ಹರಿಯುತ್ತದೆ. ಬ್ಯಾಫಿನ್ ದ್ವೀಪದ ದಡವನ್ನು ಹಿಡಿದು ಕೊರೆಯುವಂತಹ ತಣ್ಣೀರು ದಕ್ಷಿಣಾಭಿಮುಖವಾಗಿ ಇಳಿಯುತ್ತದೆ. ಆದುದರಿಂದ ಪೂರ್ವದ ದಡದಲ್ಲಿ ಹಡಗು ಬಹುದೂರ ಉತ್ತರಕ್ಕೆ ಸಾಗಬಲ್ಲದು. ಪಶ್ಚಿಮದ ದಡದಲ್ಲಿ ಅದೇ ಅಕ್ಷಾಂಶದಲ್ಲಿಯೇ ಹಿಮದ ರಾಶಿಗಳು ಕೋಟೆಯ ಗೋಡೆಯಂತೆ ಅಡ್ಡಗಟ್ಟಿರುತ್ತವೆ. ಗ್ರೀನ್‌ಲೆಂಡಿನ ಹಿಮನದಿಗಳಿಂದ ಕಳಚಿ ಬಿದ್ದ ಬೆಟ್ಟದಂತಹ ಗಡ್ಡೆಗಳು ಈ ಪ್ರವಾಹಗಳಿಗೆ ಸಿಕ್ಕಿ, ಮೊದಲು ಉತ್ತರಕ್ಕೆ ಹೋಗಿ, ಆಮೇಲೆ ತಿರುಗಿ, ಪಶ್ಚಿಮ ದಡದಿಂದ ಅಟ್ಲಾಂಟಿಕ್ ಮಹಾಸಾಗರಕ್ಕೆ ಇಳಿಯುತ್ತವೆ. ೧೯೧೨ರ ಏಪ್ರಿಲ್ ತಿಂಗಳಲ್ಲಿ 'ಟೈಟಾನಿಕ್' ಹಡಗು ಮುಳುಗಿದ್ದು ಇಂತಹ ಹಿಮಪರ್ವತವೊಂದಕ್ಕೆ ತಗುಲಿಯೇ. ಪ್ರವಾಹಗಳ ಈ ರಹಸ್ಯವನ್ನು ಅರಿಯದೆ, ಹಾಯಿಯ ಸಣ್ಣ ಹಡಗುಗಳಲ್ಲಿ ಹದಿನಾರನೆಯ ಶತಮಾನದ ಜನರು ಅಲ್ಲಿಗೆ ಹೋದರು. ಅವರನ್ನು ಅಲ್ಲಿಗೆ ಅಟ್ಟಿದ ಕಾರಣವನ್ನು ತಿಳಿಯಬೇಕಾದರೆ ನಾವು ನಮ್ಮ ರಾಯಚೂರಿನ ಕೋಟೆಯ ಬುಡಕ್ಕೇ ಬರಬೇಕು.

೧೫೨೦ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಂದ ರಾಯಚೂರು ಕೋಟೆಯನ್ನು ಗೆದ್ದುಕೊಂಡನು. ಈ ಯುದ್ಧದ ವಿವರವನ್ನು ನೂನಿಜನೆಂಬ ಪೋರ್ಚುಗೀಸನು ಬರೆದಿಟ್ಟಿದ್ದಾನೆ. ರಾಯನು ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಕುದುರೆಗಳ ವ್ಯಾಪಾರಕ್ಕಾಗಿ ಬಂದಿದ್ದ ಕ್ರಿಸ್ಟೋವಾವ್ ದ ಫಿಗೈರೆದೊ ಎಂಬಾತನು ಸುಮಾರು ೨೦ ಮಂದಿ ಕೋವಿಕಾರರೊಡನೆ ರಾಯನ ನೆರವಿಗೆ ನಿಂತನೆಂದೂ, ಗೋಡೆಯ ಮೇಲೆ ತಲೆಯೆತ್ತಿದವರನ್ನು ಅವರು ಗುರಿಯಿಟ್ಟು ಹೊಡೆದು ಗೋಡೆಯನ್ನು ಕೀಳುವವರಿಗೆ ಅವಕಾಶ ಮಾಡಿಕೊಟ್ಟರೆಂದೂ ಅದರಿಂದ ತಿಳಿಯಬರುತ್ತದೆ. ವಾಸ್ಕೋ ಡ ಗಾಮನು ಆಫ್ರಿಕಾ ಖಂಡವನ್ನು ಬಳಸಿ ಕಲ್ಲೀಕೋಟೆಯನ್ನು ಮುಟ್ಟಿದ್ದು ೧೪೯೮ರಲ್ಲಿ. ಅಂದಿನಿಂದ ಇಪ್ಪತ್ತೆರಡೇ ವರ್ಷಗಳಲ್ಲಿ ಪೋರ್ಚುಗೀಸರು ಕರಾವಳಿಯಿಂದ ಇಷ್ಟು ಒಳಗೆ, ರಾಯಚೂರಿನ ಕೋಟೆಯ ಕೆಳಗೆ ಬಂದು ನಿಂತಿದ್ದರು. ಪಾರಸೀಕ ಕೊಲ್ಲಿಯ ಹೋರ್ಮುಜಿನಿಂದ ಗೋವೆಗೆ ಕುದುರೆ, ಗೋವೆಯಿಂದ ವಿಜಯನಗರಕ್ಕೆ ಕುದುರೆ, ಇತ್ತ ಕರಾವಳಿಯಿಂದ ಲಿಸ್ಬನ್ನಿಗೆ ಮೆಣಸು, ಹೀಗೆ ಅವರ ವ್ಯಾಪಾರವು ಹಾಸುಹೊಕ್ಕಾಗಿ ಹೆಣೆದುಕೊಂಡಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು 'ಮೆಣಸಿನ ರಾಣಿ'ಯೆಂದು ಕರೆದರೆಂಬುದನ್ನು ಕನ್ನಡಿಗರೆಲ್ಲರೂ ಬಲ್ಲರು.

ಆಫ್ರಿಕಾದ ಹಾದಿಯನ್ನು ಪೋರ್ಚುಗೀಸರು ತಮ್ಮ ಸ್ವಂತ ಆಸ್ತಿಯಂತೆ ಕಾಯ್ದುಕೊಂಡರು. ೧೪೯೪ರ ತೋರ್ದೆಸಿಲ್ಯಾಸ್ ಒಪ್ಪಂದದಿಂದ ಅವರೂ ಸ್ಪೇನಿನವರೂ ಹೊಸದಾಗಿ ಕಾಣುವ ಲೋಕವನ್ನೆಲ್ಲ ಅಣ್ಣತಮ್ಮಂದಿರ ಪಾಲಿನಂತೆ ಇಬ್ಭಾಗವಾಗಿ ಹಂಚಿಕೊಂಡಿದ್ದರು. ೧೫೮೦ರಲ್ಲಿ ಸ್ಪೇನಿನ ಅರಸನೇ ಪೋರ್ಚುಗಲ್ಲಿಗೂ ಅರಸನಾದುದರಿಂದ ಎರಡು ಬಾಗಿಲುಗಳ ಬೀಗದ ಕೈಗಳೂ ಒಬ್ಬನ ಸೊಂಟಕ್ಕೇ ಸಿಕ್ಕಿದವು. ಇಂಗ್ಲೆಂಡಿನ ವರ್ತಕರಿಗೆ ಮೆಣಸು ಬೇಕು. ದಕ್ಷಿಣದ ಹಾದಿಗಳು ಮುಚ್ಚಿವೆ. ಉತ್ತರದಿಂದ, ಅಮೆರಿಕಾ ಖಂಡದ ನೆತ್ತಿಯ ಮೇಲಿನಿಂದ ಸುತ್ತಿಕೊಂಡು ಹೋದರೆ ಚೀನ ಹಿಂದೂದೇಶಗಳು ಸಿಕ್ಕಬಾರದೇಕೆಂದು ಅವರು ಯೋಚಿಸಿದರು. ಇದನ್ನೇ ವಾಯವ್ಯ ಮಾರ್ಗವೆನ್ನುವರು. ೧೫೭೬ರಿಂದ ೧೫೭೮ರವರೆಗೆ ಮಾರ್ಟಿನ್ ಫ್ರಾಬಿಷರ್ ಎಂಬವನು ಮೂರು ಸಲ ಹೋಗಿ, ಮಾರ್ಗಕ್ಕೆ ಬದಲಾಗಿ ಕರಿಕಲ್ಲುಗಳನ್ನು ಚಿನ್ನವೆಂದು ಹೊತ್ತು ತಂದನು. ಕಲ್ಲು ಕಲ್ಲಾಗಿಯೇ ಉಳಿಯಿತು. ಹಣ ಹೂಡಿದವರು ಕೈಸುಟ್ಟುಕೊಂಡರು. ಅವನ ತರುವಾಯ ಬಂದವನೇ ಜಾನ್ ಡೇವಿಸ್.

ಡೇವಿಸನು ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಡಾರ್ಟ್‌ಮತ್ ಬಂದರಿನ ಸಮೀಪದ ಸ್ಯಾಂಡ್ರಿಜ್ ಎಂಬಲ್ಲಿ ೧೫೫೦ರ ಸುಮಾರಿಗೆ ಹುಟ್ಟಿದವನು. ನೆರೆಯ ಗಿಲ್ಬರ್ಟ್ ಮನೆತನದ ಏಡ್ರಿಯನ್ ಗಿಲ್ಬರ್ಟನು ಇವನ ಬಾಲ್ಯಸ್ನೇಹಿತನು. ರಾಣಿ ಎಲಿಜಬೆತಳ ಮಂತ್ರಿಯಾದ ವಾಲ್ಸಿಂಗ್‌ಹ್ಯಾಮನ ಪ್ರೋತ್ಸಾಹವೂ, ಲಂಡನ್ನಿನ ವರ್ತಕನಾದ ವಿಲಿಯಂ ಸ್ಯಾಂಡರ್ಸನ್ನನ ಹಣವೂ ಇವನಿಗೆ ಒದಗಿದವು. ೧೫೮೫ರ ಜೂನ್ ೭ರಂದು ಎರಡು ಹಡಗುಗಳೊಡನೆ ಡಾರ್ಟ್‌ಮತ್ತಿನಿಂದ ಹೊರಟನು. ಒಂದರ ಹೆಸರು 'ಸನ್‌ಷೈನ್', ಎಂದರೆ ಬಿಸಿಲು. ಅದು ೫೦ ಟನ್ನಿನದು. ಇನ್ನೊಂದರ ಹೆಸರು 'ಮೂನ್‌ಷೈನ್', ಎಂದರೆ ಬೆಳದಿಂಗಳು. ಅದು ೩೫ ಟನ್ನಿನದು. ಎರಡರಲ್ಲಿಯೂ ಸೇರಿ ನಲವತ್ತೆರಡು ಜನರು. ಅವರಲ್ಲಿ ನಾಲ್ವರು ವಾದ್ಯಗಾರರಿದ್ದರೆಂಬುದನ್ನು ವಾಚಕರು ಗಮನದಲ್ಲಿಡಬೇಕು.

ಆಗ ನಮ್ಮ ನಾಡಿನ ಸ್ಥಿತಿ ಹೇಗಿತ್ತು? ೧೫೬೫ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರವು ಬಿದ್ದು ಇಪ್ಪತ್ತು ವರ್ಷಗಳಾಗಿದ್ದವು. ರಾಯಚೂರು ಮತ್ತೆ ಬಿಜಾಪುರದ ವಶವಾಗಿದ್ದಿತು. ಎರಡನೆಯ ಇಬ್ರಾಹಿಂ ಆದಿಲ್ ಶಾಹನು ಪಟ್ಟದಲ್ಲಿದ್ದನು. ನಮ್ಮ ಹಿರಿಯರು ಮಳೆಗಾಗಿ ಆಕಾಶವನ್ನು ನೋಡುತ್ತ ಜೋಳದ ಹೊಲಗಳನ್ನು ಹಸನುಮಾಡುತ್ತಿದ್ದ ಆ ಮುಂಗಾರಿನಲ್ಲಿಯೇ, ಎಲ್ಲಿಯೋ ಹಿಮದ ನಡುವೆ ನಲವತ್ತೆರಡು ಮಂದಿ ಹಿಂದೂದೇಶದ ಬಾಗಿಲನ್ನು ತಡಕುತ್ತಿದ್ದರು. ಅವರ ವಿಚಾರವು ಇವರಿಗೆ ತಿಳಿಯದು, ಇವರ ವಿಚಾರವು ಅವರಿಗೆ ತಿಳಿಯದು.

ಜುಲೈ ೨೦ರಂದು ಡೇವಿಸನಿಗೆ ಗ್ರೀನ್‌ಲೆಂಡಿನ ನೆಲವು ಕಂಡಿತು. ಮಂಜು ಮುಸುಕಿ, ಹಿಮಗಡ್ಡೆಗಳು ಒಂದಕ್ಕೊಂದು ಉಜ್ಜಿ ಭಯಂಕರವಾಗಿ ಗರ್ಜಿಸುತ್ತಿದ್ದ ಆ ದಡಕ್ಕೆ ಅವನು 'ಹಾಳುನೆಲ'ವೆಂಬ ಅರ್ಥದ ಹೆಸರನ್ನಿಟ್ಟನು. ದಡದ ಗುಂಟ ಸಾಗಿ ೬೪ ಅಂಶ ೧೫ ಕಲೆಗಳ ಅಕ್ಷಾಂಶದಲ್ಲಿ ಒಂದು ಒಳ್ಳೆಯ ಕೊಲ್ಲಿಯನ್ನು ಹೊಕ್ಕನು. ಅಲ್ಲಿಯ ನಿವಾಸಿಗಳು ತೊಗಲಿನ ದೋಣಿಗಳಲ್ಲಿ ಬಂದರು. ಡೇವಿಸನು ಕತ್ತಿಯನ್ನೆತ್ತದೆ, ವಾದ್ಯಗಾರರಿಂದ ಬಾಜನೆ ಮಾಡಿಸಿ ನಾವಿಕರನ್ನು ಕುಣಿಯಹೇಳಿದನು. ಭಾಷೆಯಿಲ್ಲದೆಡೆಯಲ್ಲಿ ಸಂಗೀತವೇ ದೂತನಾಯಿತು. ಅವರು ಎದೆ ಮುಟ್ಟಿ ಸೂರ್ಯನನ್ನು ತೋರಿಸಿ ಸ್ನೇಹವನ್ನು ಸೂಚಿಸಿದರು. ಇವರೂ ಹಾಗೆಯೇ ಮಾಡಿದರು. ಅವರ ಉಡುಪುಗಳನ್ನೂ ದೋಣಿಗಳನ್ನೂ ಕೊಂಡುಕೊಂಡು, ಆಗಸ್ಟ್ ತಿಂಗಳ ಮೊದಲಲ್ಲಿ ಡೇವಿಸನು ಅಗಲವಾದ ನೀರನ್ನು ದಾಟಿ ಪಶ್ಚಿಮದ ದಡವನ್ನು ಸೇರಿದನು. ಈ ದಾಟಿದ ನೀರೇ ಮುಂದೆ ಅವನ ಹೆಸರನ್ನು ಹೊತ್ತುಕೊಂಡದ್ದು. ಅಲ್ಲಿಂದ ದಕ್ಷಿಣಕ್ಕಿಳಿದು ಅಗಲವಾದ ಕೊಲ್ಲಿಯೊಂದನ್ನು ಹೊಕ್ಕು, ಇದೇ ಮಾರ್ಗವಾಗಿರಬಹುದೆಂದು ಹಿಗ್ಗಿ, ಗಾಳಿ ತಿರುಗಿದ್ದರಿಂದ ಸೆಪ್ಟೆಂಬರ್ ೩೦ಕ್ಕೆ ಊರಿಗೆ ಮರಳಿದನು.

೧೫೮೬ರಲ್ಲಿ ನಾಲ್ಕು ಹಡಗುಗಳೊಡನೆ ಎರಡನೆಯ ಯಾತ್ರೆಯಾಯಿತು. ಹಳೆಯ ಪರಿಚಿತರು ಸಂಭ್ರಮದಿಂದ ಬಂದು ಸೇರಿದರು. ಈ ಸಲ ಡೇವಿಸನು ಅವರ ಭಾಷೆಯ ಸುಮಾರು ೪೦ ಶಬ್ದಗಳನ್ನು ಕೇಳಿ ಅರ್ಥಸಹಿತವಾಗಿ ಬರೆದುಕೊಂಡನು. ಆದರೆ ಸ್ನೇಹವು ಬಹುಕಾಲ ನಿಲ್ಲಲಿಲ್ಲ. ಕಬ್ಬಿಣವು ಆ ಜನರಿಗೆ ಚಿನ್ನಕ್ಕಿಂತಲೂ ಹೆಚ್ಚು. ಸಿಕ್ಕ ಕಬ್ಬಿಣವನ್ನೆಲ್ಲ ಒಯ್ಯತೊಡಗಿ, ಕೊನೆಗೆ ಲಂಗರನ್ನೇ ಒಯ್ದರು. ಮೊದಮೊದಲು ನಕ್ಕು ಸಹಿಸಿದ ಡೇವಿಸನು ತನ್ನವರ ದೂರು ಹೆಚ್ಚಿದಾಗ ಒಬ್ಬನನ್ನು ಸೆರೆಹಿಡಿದು ಹಡಗಿನಲ್ಲಿ ಕೊಂಡೊಯ್ದನು. ಅದೇ ಯಾತ್ರೆಯಲ್ಲಿ ಲ್ಯಾಬ್ರಡಾರ್ ದಡದಲ್ಲಿ ಅಲ್ಲಿಯವರ ಬಾಣಗಳಿಗೆ ಇವನ ನಾವಿಕರು ಬಲಿಯಾದರು. ವಾದ್ಯದಿಂದ ಆರಂಭವಾದ ಪರಿಚಯವು ಎರಡೇ ಬೇಸಿಗೆಗಳಲ್ಲಿ ಬಾಣಕ್ಕೆ ಬಂದು ನಿಂತಿತು. ಡೇವಿಸನು ಆ ಕಾಲದ ನಾವಿಕರಲ್ಲಿ ಸೌಮ್ಯನು. ಆದರೂ ಬೇರೆಯವರ ನೆಲಕ್ಕೆ ಕೇಳದೆ ಬಂದವನ ಸೌಮ್ಯತೆಗೆ ಒಂದು ಮೇರೆಯಿರುತ್ತದೆಂಬುದನ್ನು ನಾವು ಮರೆಯಬಾರದು.

ಮೂರನೆಯ ಯಾತ್ರೆಯು ೧೫೮೭ರ ಮೇ ೧೯ರಂದು ಹೊರಟಿತು. ಮೂರು ಹಡಗುಗಳಲ್ಲಿ ಎರಡು ಮೀನು ಹಿಡಿದು ಖರ್ಚನ್ನು ತೂಗಿಸುವುದೆಂದೂ, 'ಎಲೆನ್' ಎಂಬ ಚಿಕ್ಕ ಹಡಗಿನಲ್ಲಿ ಡೇವಿಸನು ಮಾರ್ಗವನ್ನು ಹುಡುಕುವುದೆಂದೂ ಗೊತ್ತಾಗಿತ್ತು. ಸೋರುವ ಆ ಚಿಕ್ಕ ಹಡಗಿನಲ್ಲಿಯೇ ಅವನು ಗ್ರೀನ್‌ಲೆಂಡಿನ ದಡವನ್ನು ಹಿಡಿದು ಮೇಲೇರಿ, ಜೂನ್ ೩೦ರಂದು ೭೨ ಅಂಶ ೧೨ ಕಲೆಗಳನ್ನು ಮುಟ್ಟಿದನು. ನಮ್ಮ ರಾಯಚೂರು ಇರುವುದು ೧೬ ಅಂಶಗಳ ಆಸುಪಾಸಿನಲ್ಲಿ. ಇದರಿಂದ ಅವನೇರಿದ ಎತ್ತರವನ್ನು ಊಹಿಸಬಹುದು. ಆ ಕಾಲದಲ್ಲಿ ಅಲ್ಲಿ ಸೂರ್ಯನು ಮುಳುಗುವುದೇ ಇಲ್ಲ. ಮುಂದೆ ಸಮುದ್ರವು ತೆರೆದು ಕಂಡಿತು. ಅಲ್ಲಿದ್ದ ಮಹಾ ಶಿಲಾಶಿಖರಕ್ಕೆ ತನ್ನ ಪೋಷಕನ ಹೆಸರನ್ನು ಕೂಡಿಸಿ 'ಸ್ಯಾಂಡರ್ಸನ್ನನ ಆಶೆ'ಯೆಂದು ನಾಮಕರಣ ಮಾಡಿದನು. ಆದರೆ ಗಾಳಿಯು ಉತ್ತರದಿಂದ ಬೀಸತೊಡಗಿತು. ಪಶ್ಚಿಮಕ್ಕೆ ತಿರುಗಿದ ಕೂಡಲೆ ದಕ್ಷಿಣೋತ್ತರವಾಗಿ ಬಿದ್ದಿದ್ದ ಹಿಮದ ಗೋಡೆಯೊಂದು ಅಡ್ಡವಾಯಿತು. ಮೊದಲೇ ಹೇಳಿದ ಆ ಎರಡು ಪ್ರವಾಹಗಳ ಆಟವಿದು. ಬಹುದಿನ ಸೆಣಸಿ, ಗೋಡೆಯ ದಕ್ಷಿಣ ತುದಿಯನ್ನು ಬಳಸಿ, ಪಶ್ಚಿಮ ದಡವನ್ನು ಶೋಧಿಸುತ್ತ ಇಳಿಯುವಾಗ, ಮುಂದೆ ಹಡ್ಸನ್ ಜಲಸಂಧಿಯೆಂದು ಹೆಸರಾದ ಕಡಲ್ಬಾಯಿಯ ಬಳಿ ನೀರು ಜಲಪಾತದಂತೆ ಸುಳಿದು ಭೋರ್ಗರೆಯುವುದನ್ನು ಕಂಡು ಬರೆದಿಟ್ಟನು. ಗೊತ್ತುಮಾಡಿದ ಸ್ಥಳಕ್ಕೆ ಬಂದು ನೋಡಿದರೆ ಮೀನಿನ ಹಡಗುಗಳೆರಡೂ ಅವನನ್ನು ಕಾಯದೆ ಹೊರಟುಹೋಗಿದ್ದವು. ಸೋರುವ ಹಡಗಿನಲ್ಲಿ ಒಂಟಿಯಾಗಿ ಸಾಗರವನ್ನು ದಾಟಿ ಸೆಪ್ಟೆಂಬರ್ ೧೫ಕ್ಕೆ ಡಾರ್ಟ್‌ಮತ್ತನ್ನು ಸೇರಿದನು. ಮಾರ್ಗವು ಇದ್ದೇ ಇದೆಯೆಂಬ ಅವನ ನಂಬಿಕೆಯು ಕುಂದಲಿಲ್ಲ. ಆದರೆ ಮರುವರ್ಷ ಸ್ಪೇನಿನ ನೌಕಾದಳವು ಇಂಗ್ಲೆಂಡಿನ ಮೇಲೆ ಬಂದಿತು. ೧೫೯೦ರಲ್ಲಿ ವಾಲ್ಸಿಂಗ್‌ಹ್ಯಾಮನು ತೀರಿಕೊಂಡನು. ನಾಲ್ಕನೆಯ ಯಾತ್ರೆಯು ನಡೆಯಲೇ ಇಲ್ಲ.

ಲೋಕದ ದೃಷ್ಟಿಯಲ್ಲಿ ಇದು ಸೋಲು. ಮೂರು ಸಲ ಹೋದವನು ಮೂರು ಸಲವೂ ಬರಿಗೈಯಲ್ಲಿ ಬಂದನು. ಹಾಗಾದರೆ ಅವನ ಹೆಸರು ಏಕೆ ನಿಂತಿತು? ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಕಾರಣವು ಅವನ ಲೇಖನಿ ಮತ್ತು ಅವನ ಮಾಪನ. ಗಾಳಿಯ ದಿಕ್ಕು, ಹಡಗಿನ ವೇಗ, ದಿಕ್ಸೂಚಿಯ ಮುಳ್ಳಿನ ಓಟ, ಸೂರ್ಯನ ಎತ್ತರ, ಇವುಗಳನ್ನು ಅವನು ದಿನಂಪ್ರತಿ ಕೋಷ್ಟಕದಲ್ಲಿ ತುಂಬಿಸಿದನು. ಹಡಗಿನ ದಿನಚರಿಯನ್ನಿಡುವ ಪದ್ಧತಿಗೆ ಅವನ ೧೫೮೭ರ ಕೋಷ್ಟಕವು ಆದಿಯಲ್ಲಿನ ಮಾದರಿಗಳಲ್ಲೊಂದು. ಸ್ಯಾಂಡರ್ಸನ್ನನೇ ಹಣಕೊಟ್ಟು ಮಾಲಿನೋ ಎಂಬವನಿಂದ ಮಾಡಿಸಿದ ೧೫೯೨ರ ಭೂಗೋಲದ ಮೇಲೆ ಡೇವಿಸನು ಕಂಡ ದಡಗಳು ಗುರುತಾದವು. ೧೫೯೪ರಲ್ಲಿ ಅವನು 'ನಾವಿಕರ ರಹಸ್ಯಗಳು' ಎಂಬರ್ಥದ ಹೆಸರಿನಿಂದ ನೌಕಾಶಾಸ್ತ್ರದ ಗ್ರಂಥವನ್ನು ರಚಿಸಿದನು.

ಆ ಗ್ರಂಥದಲ್ಲಿ ವರ್ಣಿಸಿರುವ ಯಂತ್ರವೊಂದು ನಮ್ಮವರಿಗೆ ವಿಶೇಷವಾಗಿ ರುಚಿಸತಕ್ಕದ್ದು. ಅದುವರೆಗೆ ನಾವಿಕನು ಸೂರ್ಯನ ಎತ್ತರವನ್ನಳೆಯಲು ಉರಿಯುವ ಬಿಂಬವನ್ನೇ ಕಣ್ಣಿಟ್ಟು ನೋಡಬೇಕಾಗಿತ್ತು. ಇದರಿಂದ ಕಣ್ಣು ಹಾಳಾಗುತ್ತಿತ್ತು. ಡೇವಿಸನ ಯಂತ್ರದಲ್ಲಿ ನೋಡುವವನು ಸೂರ್ಯನಿಗೆ ಬೆನ್ನುಮಾಡಿ ನಿಲ್ಲುವನು. ಕೋಲಿನ ಮೇಲೆ ಸರಿಯುವ ಪಟ್ಟಿಯ ನೆರಳು ತುದಿಯ ಬಿಲ್ಲೆಯ ಮೇಲೆ ಬೀಳುವುದನ್ನೂ, ಅದೇ ಬಿಲ್ಲೆಯ ಸೀಳಿನಿಂದ ದಿಗಂತವನ್ನೂ ಒಮ್ಮೆಗೇ ಹೊಂದಿಸಿ, ಕೋಲಿನ ಮೇಲಣ ಅಂಶಗಳನ್ನು ಓದಿಕೊಳ್ಳುವನು. ಪಾಠಶಾಲೆಗಳಲ್ಲಿ ಜ್ಯೌತಿಷವನ್ನೋದಿದವರಿಗೆ ಇದು ಅಪರಿಚಿತ ತತ್ತ್ವವಲ್ಲ. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರದಲ್ಲಿ ದಿಕ್ಕು, ದೇಶ, ಕಾಲಗಳೆಂಬ ಮೂರು ಪ್ರಶ್ನೆಗಳಿಗೂ ಶಂಕುವಿನ ನೆರಳಿನಿಂದಲೇ ಉತ್ತರವನ್ನು ತೆಗೆಯುವುದಷ್ಟೆ. ನಮ್ಮವರು ಸ್ಥಿರವಾದ ನೆಲದ ಮೇಲೆ ಹನ್ನೆರಡಂಗುಲದ ಶಂಕುವನ್ನು ನೆಟ್ಟು ಮಾಡಿದುದನ್ನು ಅವನು ಓಲಾಡುವ ಹಡಗಿನ ಮೇಲೆ ಕೈಯಲ್ಲಿ ಹಿಡಿದು ಮಾಡುವಂತೆ ಅಳವಡಿಸಿದನು. ಬೆಳಕನ್ನು ನೆರಳಿನಿಂದ ಅಳೆಯುವ ವಿದ್ಯೆ ಎರಡು ಕಡೆಗಳಲ್ಲಿಯೂ ಒಂದೇ. ಒಂದೂವರೆ ಶತಮಾನದವರೆಗೆ ನಾವಿಕರು ಈ ಯಂತ್ರದ ಸುಧಾರಿಸಿದ ರೂಪಗಳನ್ನೇ ಹಿಡಿದು ಸಾಗರಗಳನ್ನು ದಾಟಿದರು.

ಇನ್ನು ಅವನ ಜೀವಿತದ ಉತ್ತರಾರ್ಧವು. ೧೫೯೧ರಲ್ಲಿ ಅವನು ಕ್ಯಾವೆಂಡಿಷನ ದಂಡಿನೊಡನೆ ದಕ್ಷಿಣ ಅಮೆರಿಕೆಯ ತುದಿಗೆ ಹೋದನು. ೧೫೯೨ರ ಆಗಸ್ಟಿನಲ್ಲಿ ಫಾಕ್‌ಲೆಂಡ್ ದ್ವೀಪಗಳು ಅವನ ಕಣ್ಣಿಗೆ ಬಿದ್ದವು. ಆ ಯಾತ್ರೆಯಲ್ಲಿ ಹಸಿವೆಗೂ ರೋಗಕ್ಕೂ ತುತ್ತಾಗಿ ಅವನ ಹಡಗಿನ ೭೬ ಮಂದಿಯಲ್ಲಿ ೧೬ ಮಂದಿ ಮಾತ್ರ ಜೀವಸಹಿತ ಮರಳಿದರು. ೧೫೯೮ರಲ್ಲಿ ಡಚ್ಚರ ಹಡಗಿಗೆ ದಾರಿತೋರುಗನಾಗಿ, ತಾನು ಹಿಮದಲ್ಲಿ ಹುಡುಕಿ ಕಾಣದಿದ್ದ ಪೂರ್ವದೇಶಗಳಿಗೆ ಆಫ್ರಿಕಾದ ಹಾದಿಯಿಂದಲೇ ಹೊರಟನು. ಸುಮಾತ್ರ ದ್ವೀಪದ ಅಚೆಯಲ್ಲಿ ೧೫೯೯ರ ಸೆಪ್ಟೆಂಬರಿನಲ್ಲಿ ನಡೆದ ಹಠಾತ್ತಾದ ದಾಳಿಯಲ್ಲಿ ಡಚ್ ನಾಯಕ ಹೌಟ್‌ಮನ್ನನು ಸತ್ತನು. ಡೇವಿಸನು ಬದುಕಿ ೧೬೦೦ರಲ್ಲಿ ಮನೆಗೆ ಬಂದನು.

ಅದೇ ವರ್ಷದ ಕೊನೆಯ ದಿನ, ೧೬೦೦ರ ಡಿಸೆಂಬರ್ ೩೧ರಂದು, ಲಂಡನ್ನಿನ ವರ್ತಕರಿಗೆ ರಾಣಿಯು ಸನ್ನದನ್ನು ಕೊಟ್ಟಳು. ಇದೇ ಈಸ್ಟ್ ಇಂಡಿಯಾ ಕಂಪನಿಯು. ಅದರ ಮೊದಲನೆಯ ಯಾತ್ರೆಯು ೧೬೦೧ರಲ್ಲಿ ಜೇಮ್ಸ್ ಲ್ಯಾಂಕಾಸ್ಟರನ ನಾಯಕತ್ವದಲ್ಲಿ ಹೊರಟಾಗ, 'ರೆಡ್ ಡ್ರ್ಯಾಗನ್' ಹಡಗಿನ ಮೇಲೆ ಪ್ರಧಾನ ದಾರಿತೋರುಗನಾಗಿ ನಿಂತವನು ನಮ್ಮ ಈ ಜಾನ್ ಡೇವಿಸನೇ. ಕಂಪನಿಯ ಮೊಟ್ಟಮೊದಲನೆಯ ಹಡಗುಗಳಿಗೆ ಪೂರ್ವದ ದಾರಿಯನ್ನು ತೋರಿಸಿದ ಕೈ, ಹಿಮದ ಜಲಸಂಧಿಯನ್ನು ಬರೆದ ಕೈಯೇ ಆಗಿತ್ತು! ಅಚೆಯಲ್ಲಿ ಮೆಣಸು ಡೇವಿಸನು ಹೇಳಿದ್ದ ಬೆಲೆಗೆ ಸಿಕ್ಕದೆ ಬಹುಪಾಲು ದುಬಾರಿಯಾದುದರಿಂದ ಲ್ಯಾಂಕಾಸ್ಟರನು ಅವನ ಮೇಲೆ ಅಸಮಾಧಾನಗೊಂಡನು. ಹಿಮವನ್ನು ಕರಾರುವಾಕ್ಕಾಗಿ ಅಳೆದವನು ಸಂತೆಯ ಧಾರಣೆಯಲ್ಲಿ ತಪ್ಪಿದನು. ೧೬೦೪ರಲ್ಲಿ ಕಂಪನಿಯ ಪ್ರತಿಸ್ಪರ್ಧಿಯಾದ ಮೈಕೆಲ್‌ಬೋರ್ನನೊಡನೆ ಮತ್ತೆ ಪೂರ್ವಕ್ಕೆ ಹೋದನು. ೧೬೦೫ರ ಡಿಸೆಂಬರಿನ ಕೊನೆಯಲ್ಲಿ ಸಿಂಗಾಪುರದ ಸಮೀಪ ಬಿಂಟಾನ್ ದ್ವೀಪದ ಹತ್ತಿರ, ಸ್ನೇಹವನ್ನು ನಟಿಸಿದ ಜಪಾನಿ ಕಡಲ್ಗಳ್ಳರ ಕೈಯಲ್ಲಿ ಹತನಾದನು. ಅವನ ದೇಹವು ಉಷ್ಣವಲಯದ ಸಮುದ್ರಕ್ಕೆ, ಅವನ ಹೆಸರು ಶೀತವಲಯದ ಸಮುದ್ರಕ್ಕೆ ಪಾಲಾದವು.

ಇಲ್ಲಿಗೆ ಕಥೆಯು ಮುಗಿಯಲಿಲ್ಲ. ಡೇವಿಸನು ತೆರೆದ ಬಾಗಿಲಿನಲ್ಲಿ ಕಂಪನಿಯವರು ಮತ್ತೆ ಇಣಿಕಿದರು. ೧೬೦೨ರಲ್ಲಿ ಕಂಪನಿಯು ಜಾರ್ಜ್ ವೇಮತ್ ಎಂಬವನನ್ನು ವಾಯವ್ಯ ಮಾರ್ಗಕ್ಕೆ ಕಳುಹಿಸಿತು. ನಾವಿಕರು ದಂಗೆಯೆದ್ದು ಹಿಂದಿರುಗಿಸಿದರು. ೧೬೧೬ರಲ್ಲಿ ಬೈಲಟ್ ಮತ್ತು ವಿಲಿಯಂ ಬ್ಯಾಫಿನ್ ಎಂಬವರು 'ಡಿಸ್ಕವರಿ' ಹಡಗಿನಲ್ಲಿ ಡೇವಿಸ್ ಜಲಸಂಧಿಯನ್ನು ಹಾದು, ಅವನು ನಿಂತ ಶಿಖರವನ್ನೂ ದಾಟಿ, ಸುಮಾರು ೭೮ ಅಂಶಗಳ ಹತ್ತಿರದವರೆಗೆ ಹೋದರು. ಬ್ಯಾಫಿನ್ನನು ಅಲ್ಲಿಯ ಒಂದು ಕಡಲ್ಬಾಯಿಗೆ ಸ್ಮಿತ್ತನ ಹೆಸರನ್ನೂ ಇನ್ನೊಂದಕ್ಕೆ ಲ್ಯಾಂಕಾಸ್ಟರನ ಹೆಸರನ್ನೂ ಇಟ್ಟನು. ಯಾರು ಈ ಸ್ಮಿತ್? ಈಸ್ಟ್ ಇಂಡಿಯಾ ಕಂಪನಿಯ ಮೊದಲನೆಯ ಗವರ್ನರನಾದ ಥಾಮಸ್ ಸ್ಮಿತ್. ಯಾರು ಈ ಲ್ಯಾಂಕಾಸ್ಟರ್? ಕಂಪನಿಯ ಮೊದಲನೆಯ ಯಾತ್ರೆಯ ನಾಯಕನು. ಅವನಿಗೆ ದಾರಿ ತೋರಿಸಿದವನು ಡೇವಿಸ್. ವಾಚಕರೇ, ಇದನ್ನು ಕಾಕತಾಲೀಯವೆಂದು ತಳ್ಳಿಬಿಡಲಾಗದು. ಮುಂದೆ ನಮ್ಮ ದೇಶವನ್ನಾಳಿದ ಕಂಪನಿಯ ಮೊದಲನೆಯ ತಲೆಮಾರಿನವರ ಹಾಜರಿ ಪಟ್ಟಿಯೇ ಧ್ರುವಪ್ರದೇಶದ ನೀರಿನ ಮೇಲೆ ಬರೆದಿದೆ.

ಬ್ಯಾಫಿನ್ನನ ಕೊನೆಯೂ ನಮ್ಮ ಕಡೆಗೇ ತಿರುಗುತ್ತದೆ. ಹಿಮವನ್ನು ಬಿಟ್ಟು ಅವನು ಕಂಪನಿಯ ನೌಕರಿಯಲ್ಲಿ ಸೂರತ್ತಿಗೆ ಬಂದನು. ೧೬೨೨ರ ಜನವರಿಯಲ್ಲಿ, ಪೋರ್ಚುಗೀಸರನ್ನು ಹೋರ್ಮುಜಿನಿಂದ ಓಡಿಸಲು ಪಾರಸೀಕರೊಡನೆ ಕಂಪನಿಯವರು ಕೈಕೂಡಿಸಿದಾಗ, ಕಿಷ್ಮ್ ದ್ವೀಪದ ಕೋಟೆಯ ಗೋಡೆಯನ್ನು ಅಳೆಯುತ್ತಿದ್ದಂತೆಯೇ ಗುಂಡು ತಗುಲಿ ಸತ್ತನು. ಕೃಷ್ಣದೇವರಾಯನ ಸೈನ್ಯಕ್ಕೆ ಕುದುರೆಗಳನ್ನು ಕಳುಹಿಸುತ್ತಿದ್ದ ಅದೇ ಹೋರ್ಮುಜ್! ರಾಯಚೂರಿನ ಗೋಡೆಯ ಕೆಳಗೆ ಪೋರ್ಚುಗೀಸರ ಕೋವಿಗಳು ಕೇಳಿಸಿ ನೂರ ಎರಡು ವರ್ಷಗಳಾಗಿದ್ದವು. ಅವರ ಕಾವಲಿಗಂಜಿ ಹಿಮದಲ್ಲಿ ಹಾದಿ ಹುಡುಕಿದವರೇ ಈಗ ಅವರ ಬಾಗಿಲನ್ನು ಮುರಿಯುತ್ತಿದ್ದರು.

ಮುಂದಿನ ಕಥೆಯನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ೧೬೦೮ರಲ್ಲಿ ಸೂರತ್ತಿಗೆ ಬಂದ ಕಂಪನಿಯು ಇನ್ನೂರೈವತ್ತು ವರ್ಷಗಳೊಳಗೆ ದೇಶದ ಒಡೆಯನಾಯಿತು. ೧೮೫೩ರ ಒಪ್ಪಂದದಂತೆ ಹೈದರಾಬಾದಿನ ನಿಜಾಮನು ಕಂಟಿಂಜೆಂಟ್ ಸೈನ್ಯದ ವೆಚ್ಚದ ಬಾಕಿಗಾಗಿ ವರಾಡ, ಧಾರಾಶಿವಗಳೊಡನೆ ರಾಯಚೂರು ದೋಆಬನ್ನೂ ಕಂಪನಿಯ ಆಡಳಿತಕ್ಕೆ ಒಪ್ಪಿಸಬೇಕಾಯಿತು. ೧೮೬೦ರಲ್ಲಿ ದೋಆಬು ನಿಜಾಮನಿಗೆ ಮರಳಿತು. ಅಷ್ಟರಲ್ಲಿ ಕಂಪನಿಯ ಆಳಿಕೆಯೇ ಕೊನೆಗೊಂಡಿತ್ತು. ಹೀಗೆ ಕೆಲಕಾಲ ಎಡೆದೊರೆಯ ಜೋಳದ ಹೊಲಗಳ ಕಂದಾಯವು, ಒ೦ದು ಕಾಲಕ್ಕೆ ಡೇವಿಸನನ್ನು ದಾರಿತೋರುಗನನ್ನಾಗಿ ಇಟ್ಟುಕೊಂಡಿದ್ದ ಸಂಸ್ಥೆಯ ಬೊಕ್ಕಸಕ್ಕೆ ಸಂದಿತು. ಮೆಣಸಿಗೆಂದು ಹೊರಟವರು ಮಣ್ಣಿನ ಒಡೆತನದವರೆಗೆ ಬಂದರು.

ಅವರು ಮೊದಲು ಹುಡುಕಿದ ಮಾರ್ಗವಾದರೂ ಸಿಕ್ಕಿತೆ? ಸಿಕ್ಕಿತು, ಆದರೆ ಯಾರಿಗೂ ಬೇಡವಾದ ಕಾಲಕ್ಕೆ. ಬ್ಯಾಫಿನ್ನನು ಹಿಮಗಟ್ಟಿದೆಯೆಂದು ಬಿಟ್ಟುಬಂದ ಲ್ಯಾಂಕಾಸ್ಟರ್ ಕಡಲ್ಬಾಯಿಯೇ ನಿಜವಾದ ದ್ವಾರವಾಗಿತ್ತು. ೧೮೧೯ರಲ್ಲಿ ಪ್ಯಾರಿಯು ಅದನ್ನು ಹೊಕ್ಕನು. ೧೮೪೫ರಲ್ಲಿ ಫ್ರಾಂಕ್ಲಿನ್ನನೂ ಅವನ ಸಂಗಡಿಗರೂ ಒಟ್ಟು ೧೨೯ ಮಂದಿ ಡೇವಿಸ್ ಜಲಸಂಧಿಯನ್ನು ಹಾದು ಒಳಹೊಕ್ಕು, ಒಬ್ಬರೂ ಉಳಿಯದಂತೆ ಹಿಮದಲ್ಲಿ ಅಳಿದರು. ನಾರ್ವೆಯ ಅಮುಂಡ್‌ಸೆನ್ನನು ೧೯೦೩ರಿಂದ ೧೯೦೬ರವರೆಗೆ 'ಯೋವಾ' ಎಂಬ ಪುಟ್ಟ ಹಡಗಿನಲ್ಲಿ ಮೊದಲಬಾರಿಗೆ ಪೂರ್ತಿಯಾಗಿ ದಾಟಿದನು. ಆಗ ಸೂಯೆಜ್ ಕಾಲುವೆಯು ತೆರೆದು ಮೂವತ್ತನಾಲ್ಕು ವರ್ಷಗಳಾಗಿದ್ದವು. ಈಚೆಗೆ ಭೂಮಿಯ ತಾಪವೇರಿ ಹಿಮವು ಕರಗುತ್ತಿರುವುದರಿಂದ ೨೦೦೭ರ ಬೇಸಿಗೆಯಲ್ಲಿ ಆ ಮಾರ್ಗದ ಬಹುಭಾಗವು ತೆರೆದ ನೀರಾಗಿ ಕಂಡಿತು. ಡೇವಿಸನು ಬಯಸಿದ್ದ ದೃಶ್ಯವದು. ಆದರೆ ಇಂದು ಅದನ್ನು ಕಂಡವರಿಗೆ ಹಿಗ್ಗಿಗಿಂತ ಕಳವಳವೇ ಹೆಚ್ಚು.

ಕಡೆಯದಾಗಿ ಹೆಸರಿನ ವಿಚಾರ. ಡೇವಿಸನು ಬರುವುದಕ್ಕೆ ಮೊದಲೇ ಆ ನೀರಿನ ಎರಡು ದಡಗಳಲ್ಲಿಯೂ ಜನರಿದ್ದರು. ಅವರಿಗೆ ಭಾಷೆಯಿತ್ತು, ದೋಣಿಯಿತ್ತು, ತಮ್ಮ ನೆಲದ ಹೆಸರುಗಳಿದ್ದವು. ಅವನೇ ಬರೆದುಕೊಂಡ ನಲವತ್ತು ಶಬ್ದಗಳು ಇದಕ್ಕೆ ಸಾಕ್ಷಿ. ಇಂದು ಅವರ ಹೆಸರುಗಳು ಭೂಪಟಕ್ಕೆ ಮರಳುತ್ತಿವೆ. ಡೇವಿಸನು ವಾದ್ಯಗಳನ್ನು ನುಡಿಸಿದ ಕೊಲ್ಲಿಯ ಬಳಿಯ ಪಟ್ಟಣವು ಡೇನರ ಕಾಲದ ಹೆಸರನ್ನು ಬಿಟ್ಟು ೧೯೭೯ರಲ್ಲಿ 'ನೂಕ್' ಆಯಿತು. ಎದುರು ದಡದಲ್ಲಿ ಫ್ರಾಬಿಷರನ ಹೆಸರಿನ ಪಟ್ಟಣವು ೧೯೮೭ರಲ್ಲಿ 'ಇಕಾಲುಯಿಟ್' ಆಯಿತು. ನಮ್ಮಲ್ಲಿಯೂ ಮಂಡ್ಯದ ಸೀಮೆಗೆ ನೀರುಣಿಸುವ ಕಾಲುವೆಯು ಮೊದಲು ವೈಸರಾಯ್ ಇರ್ವಿನ್ನನ ಹೆಸರನ್ನು ಹೊತ್ತಿದ್ದು, ಬಳಿಕ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತಷ್ಟೆ. ಇದು ನ್ಯಾಯವಾದುದೇ. ನೀರನ್ನು ಕುಡಿದವರ ಮಾತಿಗೆ ನೀರಿನ ಹೆಸರಿನಲ್ಲಿ ಮೊದಲ ಹಕ್ಕಿರಬೇಕು.

ಆದರೂ ಡೇವಿಸನ ಹೆಸರು ಆ ಜಲಸಂಧಿಯ ಮೇಲೆ ಇನ್ನೂ ಇರುವುದನ್ನು ನೋಡಿ ನಾನು ಅಸಮಾಧಾನಪಡಲಾರೆ. ಅದನ್ನು ಒಡೆತನದ ಮುದ್ರೆಯಂತೆ ಓದಿದರೆ ಮನಸ್ಸು ಕಹಿಯಾಗುವುದು. ಸಾಕ್ಷಿಯ ರುಜುವಿನಂತೆ ಓದಿದರೆ ಅದರಿಂದ ಪ್ರಯೋಜನವುಂಟು. ಕಾಣದ ಮಾರ್ಗವನ್ನು ಕಂಡೆನೆಂದು ಅವನು ಹೇಳಲಿಲ್ಲ, ಕಲ್ಲನ್ನು ಚಿನ್ನವೆನ್ನಲಿಲ್ಲ, ಗಾಳಿ ತಿರುಗಿದ ದಿನ ಗಾಳಿ ತಿರುಗಿತೆಂದೇ ಬರೆದನು. ಆ ಬರೆಹದ ಬಲದಿಂದಲೇ ಇಂದು ನಾವು ಕಂಪನಿಯ ಮೂಲವನ್ನು ಹಿಮದವರೆಗೆ ಹಿಂಬಾಲಿಸಿ ಹೋಗಲು ಶಕ್ತರಾಗಿದ್ದೇವೆ. ನಮ್ಮ ನಾಡಿನ ಚರಿತ್ರೆಯು ನಮ್ಮ ಕೋಟೆಗಳಲ್ಲಿಯೂ ಶಾಸನಗಳಲ್ಲಿಯೂ ಮಾತ್ರ ಅಡಗಿಲ್ಲ. ಅದರ ಕೆಲವು ಪುಟಗಳನ್ನು ಬೇರೆಯವರು ಬಹುದೂರದ ನೀರಿನಲ್ಲಿ ಬರೆದಿದ್ದಾರೆ. ಮಸ್ಕಿಯ ಬಂಡೆಯನ್ನು ಓದುವಷ್ಟೇ ಶ್ರದ್ಧೆಯಿಂದ ಆ ಪುಟಗಳನ್ನೂ ಓದುವುದು ನಮ್ಮ ತರುಣರ ಕರ್ತವ್ಯವಾಗಿದೆ.